ಹಳ್ಳದಲ್ಲೊಬ್ಬ ಕುಂಬಾರ

12 ಜುಲೈ 2025, ಶನಿವಾರ

ನಾಲ್ಕು ದಿನದಿಂದ ಬಿಡದ ಮಳೆ ಇವತ್ತು ಸಂಜೆ ಹೊಳವಾಯಿತು. ಮಾಸ್ತರು ಕಂಬಳಿಕೊಪ್ಪೆ ಹೊದ್ದು, ಉಂಬಳ (ಜಿಗಣೆ) ಹತ್ತದಿರಲಿ ಎಂದು ಕಾಲಿಗೆ ತಂಬಾಕಿನ ನೀರು ಸವರಿಕೊಂಡು ಹಳ್ಳಕ್ಕೆ ಹೊರಟರು. ಇವತ್ತು ನಾನೂ ಹೋದೆ.

ಅವರು ವಿಜಯಪುರದ ಕಡೆಯವರು. ಉತ್ತರ ಕನ್ನಡದ ಕತ್ತಲೆಕಾನು ಕಾಡಿನ ಪಕ್ಕದ ನಮ್ಮೂರ ಶಾಲೆಗೆ ಬಂದ ಮೇಲೆ ಇದು ಮೂರನೇ ಮಳೆಗಾಲ. ಮೊದಲ ವರ್ಷ ರಾತ್ರಿ ಬ್ಯಾಟರಿ ಹಿಡಿದು ಹಳ್ಳದ ದಂಡೆಯಲ್ಲಿ ಕೂತಿದ್ದನ್ನು ಕಂಡವರು, ನಿಧಿ ಹುಡುಕಲಿಕ್ಕೇ ಬಂದ ಆಸಾಮಿ ಎಂದು ಮಾತಾಡಿಕೊಂಡಿದ್ದರು. ಅವರು ಹುಡುಕುತ್ತಿದ್ದುದು ಕಪ್ಪೆ. ಆಯಿ ಈಗಲೂ ಬಾಗಿಲಿಗೆ ಬಂದು, ‘ರಾತ್ರೆ ಹೋಗಡಿ ಮಾಸ್ತರ್ರೇ, ಹಾವು-ಹುಳ ಇರ್ತು’ ಎನ್ನುತ್ತಾಳೆ. ‘ಒಂದ್ ತಾಸಷ್ಟರೀ ಅಮ್ಮಾ’ ಎನ್ನುತ್ತಾರೆ. ಬರುವುದು ಊಟ ಆರಿದ ಮೇಲೆ.

ಕಪ್ಪೆಯೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ‘ನಮ್ಮ ಕಡೆ ಹಳ್ಳಕ್ಕ ನೀರ ಬರೋದ ವರ್ಷಕ್ಕ ನಾಕ ದಿನ. ಆ ನಾಕ ದಿನ ಕಪ್ಪಿ ಒದರಿದ್ರ ನಮ್ಮವ್ವ ನಿಂತಲ್ಲೇ ಕೈ ಮುಗೀತಿದ್ಲು.’ ಮತ್ತೇನೂ ಕೇಳಬೇಕೆನಿಸಲಿಲ್ಲ.

ಇವತ್ತು ಕಂಡದ್ದು ಕುಂಬಾರ ಕಪ್ಪೆ. 2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ಹೊಸ ಜಾತಿಯೆಂದು ಗುರುತಿಸಿ, ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಎಂಬ ನಮ್ಮ ಮಾತನ್ನು ಇಟ್ಟರು. ಹೆಣ್ಣು ನೀರಿಗೆ ಬಾಗಿದ ಬೇರಿನ ಮೇಲೆ ಮೊಟ್ಟೆಯಿಟ್ಟು ಹೋಗುತ್ತದೆ. ಆಮೇಲಿನದೆಲ್ಲ ಗಂಡಿನ ಕೆಲಸ. ಮಾಸ್ತರು ಬ್ಯಾಟರಿಗೆ ಕೆಂಪು ಕಾಗದ ಸುತ್ತಿದ್ದರು. ಆ ಮಂದ ಬೆಳಕಿನಲ್ಲಿ ನೋಡಿದೆ: ಹಳ್ಳದ ತಳದ ಕೆಸರನ್ನು ಮುಂಗೈಯಲ್ಲಿ ಎತ್ತಿ, ಹಿಂಗಾಲ ಮೇಲೆ ನೆಟ್ಟಗೆ ನಿಂತು ಮೊಟ್ಟೆಗೆ ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಮೆತ್ತಿತು. ಆಯಿ ಒಲೆಗೆ ಮಣ್ಣು ಸಾರಿಸುವಾಗಿನ ಅದೇ ನಿಧಾನ. ಮೊಟ್ಟೆ ಒಣಗದಿರಲೆಂದೋ, ತಿನ್ನುವವರ ಕಣ್ಣಿಗೆ ಬೀಳದಿರಲೆಂದೋ ಹೀಗೆ ಮಾಡುತ್ತಿರಬೇಕು ಎಂದು ಮಾಸ್ತರು ಪಿಸುಗುಟ್ಟಿದರು. ನಾನು ಈಜು ಕಲಿತ ಹಳ್ಳ ಇದು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಇದನ್ನು ನೋಡಿರಲಿಲ್ಲ. ಕಣ್ಣು ತುಂಬಿ ಬಂತು.

ಬರುವಾಗ ಅವರು ಸಂಕೋಚದಿಂದಲೇ ಒಂದು ಮಾತು ಹೇಳಿದರು. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಔಷಧಿಯಲ್ಲಿ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೊಡೆದಾದ ಮೇಲೆ ಬ್ಯಾರಲ್ಲು, ಪೈಪು ಎಲ್ಲ ತೊಳೆಯುವುದು ಇದೇ ಹಳ್ಳದಲ್ಲಿ. ಮೈಲುತುತ್ತದಲ್ಲಿರುವ ತಾಮ್ರ ಕಪ್ಪೆಮರಿಗೆ ವಿಷ. ‘ಔಷಧ ಹೊಡಿಬ್ಯಾಡ್ರಿ ಅನ್ನಂಗಿಲ್ಲ, ನಿಮ್ಮ ಅನ್ನ ಅದು. ತೊಳಿಯೋದಷ್ಟ ಬ್ಯಾರೆ ಕಡೆ ಮಾಡ್ರಿ’ ಎಂದರು. ಕೊಳೆ ಬಂದ ವರ್ಷ ಉದುರಿದ ಅಡಿಕೆ ಹೆಕ್ಕಿದವರಿಗೆ ಔಷಧಿ ಬೇಡ ಎನ್ನುವ ಮಾತು ಕೇಳಿಸುವುದೇ ಇಲ್ಲ. ಇವರು ಅದನ್ನು ಅರಿತೇ ಮಾತಾಡಿದರು.

ಉಣ್ಣುವಾಗ ಅಣ್ಣನಿಗೆ ಹೇಳಿದೆ. ಅವ ಏನೂ ಮಾತಾಡಲಿಲ್ಲ. ಇದನ್ನು ಬರೆಯಲು ಕೂತಾಗ ಹಿತ್ತಲಲ್ಲಿ ಗುದ್ದಲಿಯ ಸದ್ದು. ನಾಳೆ ಎರಡನೇ ಔಷಧಿ. ಹಳ್ಳದಿಂದ ದೂರ, ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಗುಂಡಿ ತೋಡುತ್ತಿದ್ದಾನೆ. ಮಾಸ್ತರು ಬ್ಯಾಟರಿ ಹಿಡಿದು ಪಕ್ಕದಲ್ಲಿ ನಿಂತಿದ್ದಾರೆ.