“ಫಲವೇನು, ಬ್ರದರ್?”

ಕಳೆದ ಭಾನುವಾರ ಆರಾಧನೆಯ ನಂತರ ಸೇರಿದ ಚರ್ಚಿನ ಸಮಿತಿಯಲ್ಲಿ ನಾನು, ಮನೆಗಳಿಗೆ ಹೋಗಿ ಪ್ರಾರ್ಥಿಸುವ ಭೇಟಿ ಸೇವೆಯ ವರದಿಯನ್ನು ಓದಿ ಕುಳಿತುಕೊಳ್ಳುವಷ್ಟರಲ್ಲಿ ಹಿರಿಯರೊಬ್ಬರು, “ಆ ಮನೆಗೆ ಹೋಗಲು ಶುರುಮಾಡಿ ಮೂರು ವರ್ಷವಾಯಿತಲ್ಲ, ಫಲವೇನು, ಬ್ರದರ್?” ಎಂದು ಕೇಳಿದರು. ದನಿಯಲ್ಲಿ ಕೊಂಕು ಇರಲಿಲ್ಲ. ಕಾಣಿಕೆಯ ಲೆಕ್ಕದಲ್ಲಿ ಒಂದು ಕಾಸೂ ಹೆಚ್ಚುಕಡಿಮೆಯಾಗದಂತೆ ಎಷ್ಟೋ ವರ್ಷಗಳಿಂದ ನೋಡಿಕೊಂಡು ಬಂದಿರುವ ಪ್ರಾಮಾಣಿಕರು ಅವರು. ಆದರೆ ಆತ್ಮಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡಬಹುದೆಂದು ಅವರು ನಂಬಿದ್ದಾರೆ ಎಂಬುದು ನನ್ನ ಅಭಿಪ್ರಾಯ. “ಇನ್ನೂ ಏನೂ ಕಂಡಿಲ್ಲ” ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದರು. ನನಗೆ ಮಾತ್ರ ಇಡೀ ವಾರ ಆ ಪ್ರಶ್ನೆಯಿಂದ ಮುಂದೆ ಹೋಗಲಾಗಲಿಲ್ಲ.

ಆ ಮನೆಯಲ್ಲಿರುವವರು ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ಕಳೆದುಕೊಂಡು ಹಾಸಿಗೆ ಹಿಡಿದ ವೃದ್ಧರು. ಮೊದಲ ತಿಂಗಳಲ್ಲೇ ನಾನು ಕೊಟ್ಟ ದಪ್ಪಕ್ಷರದ ಲೂಕನ ಸುವಾರ್ತೆ ಅವರ ತಲೆದೆಸೆಯ ಸ್ಟೂಲಿನ ಮೇಲೆ ಔಷಧದ ಬಾಟಲಿಗಳಿಗೆ ಆಸರೆಯಾಗಿದೆ. ಅದರ ರಕ್ಷಾಪುಟದ ತುಂಬ ಸಿರಪ್ಪಿನ ದುಂಡು ಕಲೆಗಳು, ಒಂದರ ಮೇಲೊಂದು. ನಾನು ಪ್ರಾರ್ಥಿಸುವಾಗ ಅವರು ಗೋಡೆಯ ಕಡೆ ನೋಡುತ್ತಿರುತ್ತಾರೆ. ಹೊರಡುವಾಗ, “ಬಾಗಿಲು ಹಾಕಿಕೊಂಡು ಹೋಗಿ” ಎನ್ನುತ್ತಾರೆ.

ಮನಗುಂದಿದ ಸೇವಕರಿಗೆ ಸಮಾಧಾನ ಹೇಳುವವರು ಸಾಮಾನ್ಯವಾಗಿ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯ ಹೆಸರೆತ್ತುತ್ತಾರೆ. 1793ರಲ್ಲಿ ಬಂಗಾಳಕ್ಕೆ ಬಂದ ಅವರು ತಮ್ಮ ಮೊದಲ ವಿಶ್ವಾಸಿ, ಬಡಗಿಯಾಗಿದ್ದ ಕೃಷ್ಣ ಪಾಲ್‌ಗೆ ದೀಕ್ಷಾಸ್ನಾನ ಕೊಟ್ಟದ್ದು 1800ರ ಡಿಸೆಂಬರಿನಲ್ಲಿ, ಅಂದರೆ ಏಳು ವರ್ಷಗಳ ನಂತರ. 1813ರಲ್ಲಿ ಬರ್ಮಾ ತಲುಪಿದ ಅಮೆರಿಕದ ಮಿಷನರಿ ಅಡೋನಿರಾಮ್ ಜಡ್ಸನ್ ಕೂಡ ಮೊದಲ ವಿಶ್ವಾಸಿಗಾಗಿ 1819ರವರೆಗೆ ಕಾದರು. ಇವರನ್ನು ನಾನೂ ಇತರರಿಗೆ ಉದಾಹರಿಸಿದ್ದೇನೆ. ಆದರೆ ಈ ವಾರ ಯೋಚಿಸಿದಾಗ, ನಾವು ಇವರನ್ನು ನೆನೆಯುವುದೇ ಕೊನೆಗೆ ಫಲ ಸಿಕ್ಕಿತೆಂಬ ಕಾರಣಕ್ಕೆ ಎಂದು ಹೊಳೆದು ಕಸಿವಿಸಿಯಾಯಿತು. ಆ ಸಮಾಧಾನವೂ ಹಿರಿಯರ ಪ್ರಶ್ನೆಯನ್ನೇ ಒಪ್ಪಿಕೊಂಡು, ಉತ್ತರ ಕೊಡಲು ಇನ್ನಷ್ಟು ವಾಯಿದೆ ಕೇಳುತ್ತದೆ, ಅಷ್ಟೆ.

ಬೈಬಲಿನ ಪ್ರವಾದಿ ಯೆರೆಮೀಯನಿಗೆ ಅಂಥ ವಾಯಿದೆಯಿಂದ ಏನೂ ಆಗಲಿಲ್ಲ. ಇಪ್ಪತ್ತಮೂರು ವರ್ಷ ಸಾರಿದರೂ ನೀವು ಕಿವಿಗೊಡಲಿಲ್ಲ ಎಂದು ಅವನೇ ಜನರಿಗೆ ಹೇಳುತ್ತಾನೆ. ಅವನು ಎಚ್ಚರಿಸಿದಂತೆಯೇ ಯೆರೂಸಲೇಮ್ ಬಿದ್ದ ಮೇಲೂ ಉಳಿದವರು ಅವನ ಮಾತನ್ನು ತಳ್ಳಿಹಾಕಿ, ಹೋಗಬಾರದೆಂದು ಅವನು ಹೇಳಿದ್ದ ಐಗುಪ್ತಕ್ಕೆ ಅವನನ್ನೂ ಕರೆದೊಯ್ದರು. ನಮ್ಮ ಸಮಿತಿಯ ಮುಂದೆ ಅವನು ಯಾವ ವರದಿಯನ್ನು ಓದಬಹುದಿತ್ತು? ಪ್ರಯಾಸವು ವ್ಯರ್ಥವಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದದ್ದು ಅಲ್ಲಿಯ ಸಭೆ ಬೆಳೆಯುತ್ತಿದೆ ಎಂಬ ಲೆಕ್ಕದ ಮೇಲಲ್ಲ, ಪುನರುತ್ಥಾನವನ್ನು ಕುರಿತ ದೀರ್ಘ ಅಧ್ಯಾಯದ ಕೊನೆಯಲ್ಲಿ. ಕರ್ತನು ಎದ್ದಿದ್ದಾನೆ, ಆದಕಾರಣ ವ್ಯರ್ಥವಲ್ಲ. ಎಷ್ಟೋ ಸಲ ಓದಿದ್ದ ಆ ‘ಆದಕಾರಣ’ವನ್ನು ನಾನು ಗಮನಿಸಿದ್ದು ಈ ವಾರವೇ.

ಆದರೂ ನಿನ್ನೆ ಸಂಜೆ ಆ ಮನೆಯ ಮೆಟ್ಟಿಲು ಹತ್ತುವಾಗ ಕಾಲು ಹಗುರವಾಗಿತ್ತೆಂದು ಹೇಳಲಾರೆ. ಬಾಟಲಿಗಳನ್ನು ಒಂದೊಂದಾಗಿ ಕೆಳಗಿಟ್ಟು, ಪುಸ್ತಕವನ್ನು ಕರವಸ್ತ್ರದಿಂದ ಒರೆಸಿ, ರಾತ್ರಿಯೆಲ್ಲಾ ಬಲೆ ಬೀಸಿ ಏನೂ ಸಿಕ್ಕದೆ ದಡಕ್ಕೆ ಬಂದ ಸೀಮೋನನ ಭಾಗವನ್ನು ಓದಿದೆ. ಅವರು ಗೋಡೆ ನೋಡುತ್ತಿದ್ದರು. ಪ್ರಾರ್ಥನೆ ಮುಗಿಸಿ, ಪುಸ್ತಕವನ್ನು ಮೊದಲಿದ್ದಲ್ಲೇ ಇಟ್ಟು, ಅವರಿಗೆ ಎಡಗೈಯಲ್ಲಿ ಎಟುಕುವಂತೆ ಬಾಟಲಿಗಳನ್ನು ಅದರ ಮೇಲೆ ಜೋಡಿಸಿದೆ.

“ಬಾಗಿಲು ಹಾಕಿಕೊಂಡು ಹೋಗಿ” ಎಂದರು.

“ಮುಂದಿನ ಶನಿವಾರ ಬರುತ್ತೇನೆ” ಎಂದು ಹೇಳಿ, ಬಾಗಿಲು ಹಾಕಿಕೊಂಡು ಬಂದೆ.