‘ದಿನಾ ಸಿಬಿಸಿ’ ಎಂಬ ಎರಡು ಪದ: ವಾರ್ಡಿನಲ್ಲಿ ಅನಗತ್ಯ ರಕ್ತಪರೀಕ್ಷೆ ತಗ್ಗಿಸುವ ಕೆಲಸ

ಆಸ್ಪತ್ರೆಯಲ್ಲಿ ಗುಣಮಟ್ಟ ಸುಧಾರಣೆ ಅಂದ ಕೂಡಲೇ ಒಂದು ಪೋಸ್ಟರ್, ಒಂದು ತರಬೇತಿ, ಸಹಿ ಹಾಕಿಸಿಕೊಂಡ ಒಂದು ಹಾಜರಿ ಪಟ್ಟಿ ತಯಾರಾಗುತ್ತದೆ. ಕೆಲವು ತಿಂಗಳು ಕಳೆದು ನೋಡಿದರೆ ಪೋಸ್ಟರ್ ಗೋಡೆಯ ಮೇಲೇ ಇರುತ್ತದೆ, ಹಳೆಯ ಅಭ್ಯಾಸವೂ ವಾರ್ಡಿನಲ್ಲೇ ಇರುತ್ತದೆ. ಹೀಗೇಕೆ ಆಗುತ್ತದೆ, ಏನು ಮಾಡಿದರೆ ಕೆಲಸ ನಡೆಯುತ್ತದೆ ಎಂಬುದನ್ನು ಒಂದೇ ಪ್ರಾಜೆಕ್ಟ್ ಹಿಡಿದು ಬರೆಯುತ್ತಿದ್ದೇವೆ: ಮೆಡಿಸಿನ್ ವಾರ್ಡಿನ ಒಳರೋಗಿಗಳಿಗೆ ದಿನಾ ಬೆಳಿಗ್ಗೆ ಯೋಚಿಸದೆ ಕಳಿಸುವ ಸಿಬಿಸಿ (ರಕ್ತಕಣಗಳ ಎಣಿಕೆ), ಎಲೆಕ್ಟ್ರೋಲೈಟ್ (ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳು), ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವುದು) ಪರೀಕ್ಷೆಗಳು. ಮೊದಲ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಎಲ್ಲ ಕಡೆ ನಡೆಯುತ್ತದೆ, ಎಣಿಸುವುದು ಸುಲಭ, ಅನಗತ್ಯ ಪರೀಕ್ಷೆ, ಚಿಕಿತ್ಸೆ ತಗ್ಗಿಸಲು 2012ರಲ್ಲಿ ಅಮೆರಿಕದಲ್ಲಿ ಶುರುವಾದ ‘ಚೂಸಿಂಗ್ ವೈಸ್ಲಿ’ ಅಭಿಯಾನದ ಪಟ್ಟಿಗಳಲ್ಲೂ ಇದಿದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಂಥ ಪ್ರಾಜೆಕ್ಟಿನ ಉದ್ದೇಶ ಹೆಚ್ಚು ಮೌಲ್ಯದ ಚಿಕಿತ್ಸೆ, ಹಾಗೆಂದರೆ ಅಗ್ಗದ ಚಿಕಿತ್ಸೆಯಲ್ಲ. ಖರ್ಚು ಮಾಡಿದ ಹಣಕ್ಕೆ ರೋಗಿಗೆ ಸಿಕ್ಕ ಫಲಿತಾಂಶ ಎಷ್ಟು ಎಂಬುದೇ ಮೌಲ್ಯ ಎಂದು ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 2010ರಲ್ಲಿ ಬರೆದದ್ದನ್ನು ಈ ಕ್ಷೇತ್ರದವರು ಈಗಲೂ ಹಿಡಿದುಕೊಂಡಿದ್ದಾರೆ. ಹಾಸಿಗೆ ಹಿಡಿದ ರೋಗಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡಬೇಕಾದ ಇಂಜೆಕ್ಷನ್ ತಪ್ಪಿದರೂ ಮೌಲ್ಯ ಕಡಿಮೆಯಾದಂತೆಯೇ, ಅಲ್ಲಿ ಖರ್ಚು ಹೆಚ್ಚಬೇಕು. ತಂಡದ ಮೊದಲ ಸಭೆಯಲ್ಲಿ ಇದನ್ನು ಹೇಳದಿದ್ದರೆ, ‘ಮ್ಯಾನೇಜ್‌ಮೆಂಟ್ ಖರ್ಚು ಕಡಿತಕ್ಕೆ ಬಂದಿದೆ’ ಎಂಬ ಗುಸುಗುಸು ಶುರುವಾಗಿ ವೈದ್ಯರು ಅಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ.

ಕೆಲಸ ಶುರುವಾಗಬೇಕಾದ್ದು ಸ್ಯಾಂಪಲ್ಲಿನ ಹಿಂದೆ ನಡೆದು ನೋಡುವುದರಿಂದ. ಅಡ್ಮಿಷನ್ ದಿನ ಡ್ಯೂಟಿ ಡಾಕ್ಟರ್ ಕೇಸ್ ಶೀಟಿನಲ್ಲಿ ‘ದಿನಾ ಸಿಬಿಸಿ’ ಎಂದು ಬರೆಯುತ್ತಾರೆ. ಮರುದಿನ ಅದನ್ನು ಹೊಡೆದುಹಾಕುವುದು ಯಾರ ಕೆಲಸವೂ ಅಲ್ಲ. ರಾತ್ರಿ ಪಾಳಿಯ ನರ್ಸ್ ಪಟ್ಟಿ ಮಾಡಿ ಟ್ಯೂಬಿಗೆ ಲೇಬಲ್ ಅಂಟಿಸಿಡುತ್ತಾರೆ, ಬೆಳಗಿನ ಐದಕ್ಕೆ ರೋಗಿಯನ್ನು ಎಬ್ಬಿಸಿ ಸೂಜಿ ಚುಚ್ಚುತ್ತಾರೆ. ಸ್ಯಾಂಪಲ್ ಲ್ಯಾಬಿನ ಸಾಲಿನಲ್ಲಿ ಕೂತು, ರಿಪೋರ್ಟ್ ಬರುವ ಹೊತ್ತಿಗೆ ಬೆಳಗಿನ ರೌಂಡ್ಸ್ ಮುಗಿದಿರುತ್ತದೆ. ಅಂದರೆ ಆ ದಿನದ ನಿರ್ಧಾರ ನಿನ್ನೆಯ ರಿಪೋರ್ಟಿನ ಮೇಲೇ ಆಗಿರುತ್ತದೆ. ಈ ದಾರಿಯನ್ನು ದೊಡ್ಡ ಹಾಳೆಯಲ್ಲಿ, ಪ್ರತಿ ಹಂತಕ್ಕೂ ಗಂಟೆ ಹಾಕಿ, ನರ್ಸ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಎದುರಿನಲ್ಲೇ ಬರೆಯಬೇಕು. ಕಚೇರಿಯಲ್ಲಿ ಕೂತು ಬರೆದ ನಕ್ಷೆ ಯಾವಾಗಲೂ ಅಂದವಾಗಿರುತ್ತದೆ, ಯಾವಾಗಲೂ ತಪ್ಪಾಗಿರುತ್ತದೆ.

ಇನ್ನೊಂದು ಕಾರಣ ನಕ್ಷೆಯಲ್ಲಿ ಕಾಣುವುದಿಲ್ಲ. ಕಿರಿಯ ವೈದ್ಯರನ್ನು ಬೇರೆಯಾಗಿ, ಹಿರಿಯರಿಲ್ಲದಾಗ ಕೇಳಬೇಕು. ಬಹುತೇಕ ಒಂದೇ ಉತ್ತರ ಬರುತ್ತದೆ: ರೌಂಡ್ಸಿನಲ್ಲಿ ‘ಇವತ್ತಿನ ಪೊಟ್ಯಾಸಿಯಂ ಎಷ್ಟಪ್ಪಾ?’ ಎಂದು ಕೇಳಿದರೆ ಬೆಪ್ಪಾಗಿ ನಿಲ್ಲಬೇಕಾಗುತ್ತದೆ, ಅದಕ್ಕೇ ಕಳಿಸಿಬಿಡುತ್ತೇವೆ. ಮೂಲ ಇಲ್ಲಿರುವಾಗ ಕಿರಿಯರಿಗೆ ಎಷ್ಟು ಪಾಠ ಮಾಡಿದರೂ ಪ್ರಯೋಜನವಿಲ್ಲ. ಅನಗತ್ಯ ಪರೀಕ್ಷೆ ಅನಗತ್ಯ ಎಂದು ಅವರಿಗೂ ಗೊತ್ತು.

ಈಗ ಅಳತೆ. ಪ್ರಾಜೆಕ್ಟುಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲೇ. ‘ಈ ತಿಂಗಳು 700 ಸಿಬಿಸಿ, ಹೋದ ತಿಂಗಳು 800’ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಹಾಸಿಗೆಗಳು ಖಾಲಿ ಇದ್ದವೋ ಏನೋ. ಛೇದ ಬೇಕು: 100 ರೋಗಿ-ದಿನಕ್ಕೆ ಎಷ್ಟು ಪರೀಕ್ಷೆ. ಒಬ್ಬ ರೋಗಿ ಒಂದು ದಿನ ವಾರ್ಡಿನಲ್ಲಿದ್ದರೆ ಅದು ಒಂದು ರೋಗಿ-ದಿನ. ಅದು ಸಿಗುವುದು ಮಧ್ಯರಾತ್ರಿಯ ಸೆನ್ಸಸ್‌ನಿಂದ, ಅಂದರೆ ಆ ಹೊತ್ತಿಗೆ ವಾರ್ಡಿನಲ್ಲಿರುವ ರೋಗಿಗಳ ಎಣಿಕೆಯಿಂದ. ಉದಾಹರಣೆಗೆ 30 ಹಾಸಿಗೆಯ ವಾರ್ಡಿನಲ್ಲಿ ಏಳು ರಾತ್ರಿಯ ಸೆನ್ಸಸ್ ಕೂಡಿಸಿದಾಗ 182 ಬಂತು, ಆ ವಾರದ ಸಿಬಿಸಿ 164 ಅನ್ನೋಣ. 164ನ್ನು 182ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 90. ಅದೇ ಆ ವಾರದ ಚುಕ್ಕೆ. ಲ್ಯಾಬ್ ರಿಜಿಸ್ಟರಿನಲ್ಲಿ ಹಿಂದಿನ ವಾರಗಳ ಲೆಕ್ಕ ಇದ್ದೇ ಇರುತ್ತದೆ, ಆದ್ದರಿಂದ 12 ವಾರದ ಮೂಲಮಟ್ಟಕ್ಕೆ (ಬದಲಾವಣೆಗೆ ಮೊದಲಿನ ದರಕ್ಕೆ) 12 ವಾರ ಕಾಯಬೇಕಾಗಿಲ್ಲ. ಎರಡು ಕಡೆ ಎಚ್ಚರ ಬೇಕು. ಐಸಿಯುನಿಂದ ವರ್ಗವಾದ ರೋಗಿಯ ಆ ದಿನದ ಪರೀಕ್ಷೆ ಯಾವ ವಾರ್ಡಿನ ಖಾತೆಗೆ ಸೇರುತ್ತದೆ ಎಂದು ಮೊದಲೇ ತೀರ್ಮಾನಿಸಿ ಬರೆದಿಡಿ. ಹೆಪ್ಪುಗಟ್ಟಿತೆಂದೋ ಹಿಮೊಲೈಸ್ ಆಯಿತೆಂದೋ (ಕೆಂಪು ರಕ್ತಕಣ ಒಡೆಯಿತೆಂದೋ) ಲ್ಯಾಬ್ ತಿರಸ್ಕರಿಸಿ ಮತ್ತೆ ತೆಗೆದ ಸ್ಯಾಂಪಲ್ಲುಗಳನ್ನು ಬೇರೆ ಕಾಲಮ್ಮಿನಲ್ಲಿ ಎಣಿಸಿ. ಅದೂ ಪೋಲೇ, ಆದರೆ ಅದರ ಮದ್ದು ಬೇರೆ.

ಎಣಿಕೆಯ ಜೊತೆಗೆ, ಯಾವ ಪರೀಕ್ಷೆ ನಿಜಕ್ಕೂ ಅನಗತ್ಯವಾಗಿತ್ತು ಎಂದು ತಿಳಿಯಲು 20–30 ಕೇಸ್ ಶೀಟ್ ತೆರೆದು ನೋಡಬೇಕು. ಇಲ್ಲಿ ಒಂದು ಬಲೆಯಿದೆ: ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಪರೀಕ್ಷೆ ಅನಗತ್ಯವಾಗುವುದಿಲ್ಲ. ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್ ಇಂಜೆಕ್ಷನ್ ಪಡೆಯುತ್ತಿರುವವರ ಪೊಟ್ಯಾಸಿಯಂ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ವ್ಯಾಂಕೊಮೈಸಿನ್ ಅಥವಾ ಅಮೈನೊಗ್ಲೈಕೊಸೈಡ್ ಆಂಟಿಬಯಾಟಿಕ್ ಮೇಲಿರುವವರ ಕ್ರಿಯಾಟಿನಿನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಪಡೆಯುವವರ ಪ್ಲೇಟ್‌ಲೆಟ್ ನಾರ್ಮಲ್ ಬಂದರೂ ಅದು ಬೇಕಾಗಿದ್ದ ಮಾಹಿತಿಯೇ. ರಕ್ತಸ್ರಾವ ಆಗುತ್ತಿರುವವರು, ಕಿಮೊಥೆರಪಿಯವರು, ದಾಖಲಾದ ಮೊದಲ 48 ಗಂಟೆಯವರು ಕೂಡ ಈ ಪರಿಶೀಲನೆಯಿಂದ ಹೊರಗೆ. ಈ ವಿನಾಯಿತಿ ಪಟ್ಟಿಯನ್ನು ರಿಪೋರ್ಟ್ ನೋಡುವ ಮೊದಲೇ ಬರೆದಿಡಬೇಕು. ನೋಡಿದ ಮೇಲೆ ಬರೆದರೆ ನಮಗೆ ಬೇಕಾದ ಉತ್ತರವೇ ಬರುತ್ತದೆ. ಉಳಿದವುಗಳಲ್ಲಿ ಕೇಳಬೇಕಾದ್ದು ಇಷ್ಟೇ: ಹಿಂದಿನ ಎರಡು ರಿಪೋರ್ಟ್ ಸ್ಥಿರವಾಗಿದ್ದವೇ, ರೋಗಿ ಸ್ಥಿರವಾಗಿದ್ದರೇ, ಮೂರನೆಯದರಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಯಿತೇ?

ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ: ‘ಈ ವಾರ್ಡಿನಲ್ಲಿ, ನಾಲ್ಕು ತಿಂಗಳೊಳಗೆ, 100 ರೋಗಿ-ದಿನಕ್ಕೆ ಸಿಬಿಸಿ 90ರಿಂದ 65ಕ್ಕೆ.’ ‘ಅನಗತ್ಯ ಪರೀಕ್ಷೆ ಕಡಿಮೆ ಮಾಡುವುದು’ ಎಂದಷ್ಟೇ ಬರೆದರೆ ಅದು ಆಶಯ, ಗುರಿಯಲ್ಲ.

ಬದಲಾವಣೆಗಳೆಲ್ಲ ಒಂದೇ ಬಲದವಲ್ಲ. ಭಾಷಣ, ಸುತ್ತೋಲೆ, ಪೋಸ್ಟರ್ ಎಲ್ಲಕ್ಕಿಂತ ದುರ್ಬಲ, ಏಕೆಂದರೆ ಬೆಳಗಿನ ಗಡಿಬಿಡಿಯಲ್ಲಿ ಯಾರೋ ನೆನಪಿಟ್ಟುಕೊಳ್ಳಬೇಕು. ನೆನಪೋಲೆ, ಚೆಕ್‌ಲಿಸ್ಟ್ ಸ್ವಲ್ಪ ಮೇಲು. ನಿಜವಾಗಿ ಕೆಲಸ ಮಾಡುವುದು, ಏನೂ ಮಾಡದಿದ್ದರೆ ಆಗುವುದೇ ಸರಿಯಾದದ್ದಾಗುವಂತೆ ವ್ಯವಸ್ಥೆ ಬದಲಿಸುವುದು. ಕಂಪ್ಯೂಟರಿನಲ್ಲಿ ಆರ್ಡರ್ ಹಾಕುವ ಕಡೆ ‘ದಿನಾ’ ಎಂಬ ಆಯ್ಕೆಯನ್ನೇ ತೆಗೆಯಬಹುದು, ಅಥವಾ 48 ಗಂಟೆಗೆ ಆರ್ಡರ್ ತಾನಾಗಿ ಮುಗಿಯುವಂತೆ ಮಾಡಬಹುದು. ಕಾಗದದ ಆಸ್ಪತ್ರೆಯಲ್ಲೂ ಇದು ಸಾಧ್ಯ: ಪ್ರತಿ ದಿನಕ್ಕೂ ಖಾಲಿ ಚೌಕವಿರುವ ಆರ್ಡರ್ ಹಾಳೆ, ಚೌಕದಲ್ಲಿ ಬರೆಯದಿದ್ದರೆ ಸ್ಯಾಂಪಲ್ ಇಲ್ಲ. ಜೊತೆಗೆ, ರೌಂಡ್ಸಿನ ಕೊನೆಗೆ ಹಿರಿಯ ವೈದ್ಯರು ಪ್ರತಿ ರೋಗಿಗೂ ‘ನಾಳೆ ಯಾವ ಪರೀಕ್ಷೆ, ಯಾಕೆ?’ ಎಂದು ಕೇಳಬೇಕು. ‘ಇವತ್ತಿನದು ಎಷ್ಟು?’ ಎಂಬ ಪ್ರಶ್ನೆಯಿಂದ ಹುಟ್ಟಿದ ಅಂಜಿಕೆಗೆ ಇದೊಂದೇ ಮದ್ದು. ಅಷ್ಟು ಮಾತ್ರಕ್ಕೆ ಹಿರಿಯರನ್ನು ಒಪ್ಪಿಸುವುದೇ ಇಡೀ ಪ್ರಾಜೆಕ್ಟಿನ ಕಷ್ಟದ ಭಾಗ ಎಂದರೂ ತಪ್ಪಿಲ್ಲ.

ಒಂದೇ ಸಲ ಇಡೀ ವಾರ್ಡಿಗೆ ಹಚ್ಚಬೇಡಿ. ಪಿಡಿಎಸ್‌ಎ, ಅಂದರೆ ಯೋಜಿಸು, ಮಾಡು, ಅಭ್ಯಸಿಸು, ಮುಂದಿನ ಹೆಜ್ಜೆ ಇಡು ಎಂಬ ಸುತ್ತು, ಮೊದಲು ಒಬ್ಬ ವೈದ್ಯರು, ಐದು ರೋಗಿಗಳು, ಒಂದು ದಿನಕ್ಕೆ ಸಾಕು. ಸುತ್ತಿನ ಮೊದಲು ‘ಏನಾಗುತ್ತದೆ ಎಂದುಕೊಂಡಿದ್ದೇವೆ’ ಎಂದು ಬರೆಯಬೇಕು. ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಬರೆದಿದ್ದರೆ ಮಾತ್ರ ಊಹೆ ಎಲ್ಲಿ ಹುಸಿಯಾಯಿತು ಎಂದು ಕಾಣುತ್ತದೆ. ಖಾಲಿ ಚೌಕದ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣುವ ಎಡವಟ್ಟುಗಳು: ಸೋಮವಾರವೇ ಮೂರು ದಿನದ ಚೌಕ ತುಂಬಿಬಿಡುವುದು, ಬರೆಯದಿದ್ದರೂ ‘ಆಮೇಲೆ ಕೇಳಿದರೆ?’ ಎಂದು ನರ್ಸ್ ಒಂದು ಟ್ಯೂಬ್ ಹೆಚ್ಚಿಗೆ ತೆಗೆದಿಡುವುದು, ಮಧ್ಯಾಹ್ನ ನೆನಪಾಗಿ ‘ತುರ್ತು’ ಎಂದು ಕಳಿಸುವುದು. ಮೊದಲನೆಯದಕ್ಕೆ ಹಾಳೆಯನ್ನು ದಿನಕ್ಕೊಂದರಂತೆ ಮಾಡಿ. ಎರಡನೆಯದಕ್ಕೆ ‘ಬರೆಯದಿದ್ದರೆ ತೆಗೆಯಬೇಕಿಲ್ಲ’ ಎಂದು ವಾರ್ಡ್ ಮುಖ್ಯಸ್ಥರು ನರ್ಸುಗಳಿಗೆ ಲಿಖಿತವಾಗಿ ಕೊಡಬೇಕು, ಬಾಯಿಮಾತು ಸಾಲದು.

ಮೂರನೆಯದು ನಮ್ಮನ್ನು ಸಮತೋಲನದ ಅಳತೆಗಳಿಗೆ, ಅಂದರೆ ಒಂದನ್ನು ಇಳಿಸಿದಾಗ ಬೇರೆಡೆ ಏನಾದರೂ ಕೆಟ್ಟಿತೇ ಎಂದು ನೋಡುವ ಲೆಕ್ಕಗಳಿಗೆ ತರುತ್ತದೆ. ಬೆಳಗಿನ ಸಿಬಿಸಿ ಇಳಿದು ತುರ್ತು ಸಿಬಿಸಿ ಅಷ್ಟೇ ಏರಿದರೆ ಏನೂ ಉಳಿಯಲಿಲ್ಲ. ಲ್ಯಾಬಿನವರ ರಾತ್ರಿ ಮಾತ್ರ ಹಾಳಾಯಿತು. ಆದ್ದರಿಂದ ತುರ್ತು ಪರೀಕ್ಷೆ, ಐಸಿಯುಗೆ ಅನಿರೀಕ್ಷಿತ ವರ್ಗಾವಣೆ, ತಡವಾಗಿ ಸಿಕ್ಕಿಬಿದ್ದ ಪೊಟ್ಯಾಸಿಯಂ ಏರುಪೇರು, 30 ದಿನದೊಳಗಿನ ಮರುದಾಖಲಾತಿ, ಇವಿಷ್ಟನ್ನೂ ಮೊದಲ ದಿನದಿಂದಲೇ ಎಣಿಸಬೇಕು. ಅಪಾಯದ ಘಟನೆಗಳು ವಿರಳ, ಚಾರ್ಟಿನಲ್ಲಿ ಏರಿಳಿತ ಕಾಣುವಷ್ಟಿರುವುದಿಲ್ಲ. ಅಂಥವನ್ನು ಒಂದೊಂದಾಗಿ ಕೇಸ್ ಶೀಟ್ ತೆರೆದೇ ನೋಡಬೇಕು.

ಫಲಿತಾಂಶ ಓದಲು ರನ್ ಚಾರ್ಟ್ ಸಾಕು. ಅಡ್ಡಕ್ಕೆ ವಾರ, ಲಂಬಕ್ಕೆ ದರ, ನಡುವೆ ಮೂಲಮಟ್ಟದ ಮಧ್ಯಾಂಕದ (ದರಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಡುವೆ ಬರುವ ಬೆಲೆಯ) ಗೆರೆ. ಆ ಗೆರೆಯ ಒಂದೇ ಬದಿಗೆ ಸತತ ಆರು ಅಥವಾ ಹೆಚ್ಚು ಚುಕ್ಕೆ ಬಿದ್ದರೆ ಮಟ್ಟ ಬದಲಾಗಿದೆ; ಗೆರೆಯ ಮೇಲೇ ಬಿದ್ದ ಚುಕ್ಕೆ ಲೆಕ್ಕಕ್ಕಿಲ್ಲ. ಸತತ ಐದು ಚುಕ್ಕೆ ಏರುತ್ತಲೋ ಇಳಿಯುತ್ತಲೋ ಹೋದರೆ ಅದು ಒಲವು. ಎರಡು ವಾರ ಇಳಿಯಿತೆಂದು ಸಿಹಿ ಹಂಚಬೇಡಿ. ‘ಮೊದಲು’ ಮತ್ತು ‘ನಂತರ’ ಎಂಬ ಎರಡು ಕಂಬಗಳ ಚಿತ್ರವನ್ನಂತೂ ನಂಬಲೇಬೇಡಿ: ಇಳಿಕೆ ಪ್ರಾಜೆಕ್ಟಿಗಿಂತ ಮೊದಲೇ ಶುರುವಾಗಿದ್ದರೂ ಆ ಚಿತ್ರ ಹಾಗೆಯೇ ಕಾಣುತ್ತದೆ.

ಉಳಿತಾಯದ ಲೆಕ್ಕ ಹಾಕುವಾಗ ಬಿಲ್ಲಿನ ದರವನ್ನು ಪರೀಕ್ಷೆಗಳ ಸಂಖ್ಯೆಯಿಂದ ಗುಣಿಸಿ ದೊಡ್ಡ ಮೊತ್ತ ತೋರಿಸುವ ಚಾಳಿ ಇದೆ. ಹಣಕಾಸು ವಿಭಾಗದವರು ಮೊದಲ ನೋಟಕ್ಕೇ ಅದನ್ನು ತಳ್ಳಿಹಾಕುತ್ತಾರೆ, ಅದು ಸರಿಯೂ ಹೌದು. ಲ್ಯಾಬಿನ ಯಂತ್ರ, ಸಂಬಳ, ಕರೆಂಟು ಹಾಗೇ ಇರುತ್ತವೆ. ಕೂಡಲೇ ಉಳಿಯುವುದು ರೀಏಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ), ಟ್ಯೂಬ್, ಸೂಜಿ. ರೋಗಿ ಕೈಯಿಂದಲೇ ಕಟ್ಟುವ ಕಡೆ ಅವರ ಬಿಲ್ಲು ಇಳಿಯುತ್ತದೆ, ಅದೇ ಹೊತ್ತಿಗೆ ಆಸ್ಪತ್ರೆಯ ಆದಾಯವೂ ಇಳಿಯುತ್ತದೆ. ಇದನ್ನು ಮುಚ್ಚಿಡದೆ ಆಡಳಿತದ ಮುಂದೆ ಮೊದಲೇ ಇಡುವುದು ಜಾಣತನ. ಹಣಕ್ಕಿಂತ ಗಟ್ಟಿಯಾಗಿ ನಿಲ್ಲುವ ಲೆಕ್ಕ ರಕ್ತದ್ದು. ಎರಡು ಟ್ಯೂಬ್ ಸೇರಿ ದಿನಕ್ಕೆ 8 ಎಂಎಲ್ ಎಂದರೂ ಹತ್ತು ದಿನಕ್ಕೆ 80 ಎಂಎಲ್. ಮೊದಲೇ ರಕ್ತಹೀನತೆಯಿರುವ ವಯಸ್ಸಾದವರಿಗೆ ಅದು ಸಣ್ಣದಲ್ಲ. ಕಡಿಮೆ ಪ್ರಮಾಣದ ಟ್ಯೂಬುಗಳಿಗೆ ಬದಲಾಯಿಸುವುದನ್ನು ಇದೇ ಪ್ರಾಜೆಕ್ಟಿಗೆ ಸೇರಿಸಬಹುದು, ಆದರೆ ನಿಮ್ಮ ಲ್ಯಾಬಿನ ಯಂತ್ರ ಅದನ್ನು ಓದುತ್ತದೆಯೇ ಎಂದು ಮೊದಲು ಕೇಳಿ.

ಗುರಿ ಮುಟ್ಟಿದ ಮೇಲೆ ದರ ಮತ್ತೆ ಏರುವುದು ಸಾಮಾನ್ಯವಾಗಿ ಕಿರಿಯ ವೈದ್ಯರ ಹೊಸ ಬ್ಯಾಚ್ ಬಂದಾಗ. ಹಾಗಾಗಿ ಎಣಿಕೆ ನಿಲ್ಲಿಸಬಾರದು, ವಾರಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ ಮಾಡಿದರೆ ಸಾಕು. ಚಾರ್ಟಿನ ಹೊಣೆ ಒಬ್ಬರ ಹೆಸರಿಗೇ ಇರಲಿ, ಆ ಹೆಸರು ವರ್ಗವಾಗಿ ಹೋಗುವ ವೈದ್ಯರದ್ದಾಗಿರದೆ ವಾರ್ಡಿನಲ್ಲೇ ಇರುವ ಹಿರಿಯ ನರ್ಸಿನದ್ದಾದರೆ ಇನ್ನೂ ಒಳ್ಳೆಯದು. ಹೊಸ ಬ್ಯಾಚಿನ ಮೊದಲ ದಿನ ಆರ್ಡರ್ ಹಾಳೆಯನ್ನೂ ವಿನಾಯಿತಿ ಪಟ್ಟಿಯನ್ನೂ ಅವರೇ ತೋರಿಸಿಕೊಡಲಿ. ಹತ್ತು ನಿಮಿಷದ ಕೆಲಸ.