ಮೆಗಾಬಿಟ್ ಹಂಚುವುದಾ, ಸಮಯ ಹಂಚುವುದಾ?

ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. "ನೆಟ್ ವೇಗವನ್ನು ಎಲ್ಲರಿಗೂ ಸಮನಾಗಿ ಹಂಚಿಬಿಡಿ, ತಕರಾರೇ ಇರಲ್ಲ" ಅನ್ನುವ ಸಲಹೆ ಆಗಾಗ ಬರುತ್ತದೆ. ಸರಿ, ಆದರೆ ಯಾವುದನ್ನು ಸಮ ಮಾಡಬೇಕು?

ಒಬ್ಬೊಬ್ಬರಿಗೂ ಇಷ್ಟೇ ಎಂದು ಗೆರೆ ಎಳೆದರೆ, ಉಳಿದವರು ಸುಮ್ನಿದ್ದಾಗ ಅವರ ಪಾಲು ಯಾರಿಗೂ ಸಿಗದೆ ಖಾಲಿ ಬಿದ್ದಿರುತ್ತದೆ. ಕನೆಕ್ಷನ್‌ಗಳ ಲೆಕ್ಕದಲ್ಲಿ ಹಂಚಿದರೆ, ಹತ್ತು ಕನೆಕ್ಷನ್ ತೆರೆದವರಿಗೆ ಹತ್ತು ಪಾಲು. ಹಾಗಾಗಿ ಕೇಬಲ್ ಕಡೆ ನಾನು ಪ್ರತಿ ಯಂತ್ರಕ್ಕೆ ಒಂದು ಖಾತ್ರಿ ಪಾಲು ಇಟ್ಟು, ಮಿಕ್ಕಿದ್ದನ್ನು ಬೇಕಾದವರು ಬಳಸಲಿ ಎಂದು ಬಿಡುತ್ತೇನೆ. ಅಲ್ಲಿ ಅಷ್ಟು ಸಾಕು.

ಕಷ್ಟ ಇರುವುದು ವೈಫೈಯಲ್ಲಿ. ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ), ಎರಡು ಲ್ಯಾಪ್‌ಟಾಪ್ ಅಂದುಕೊಳ್ಳಿ. ಹತ್ತಿರದ್ದು 54 ಎಂಬಿಪಿಎಸ್‌ನಲ್ಲಿದೆ, ಅಂದರೆ ಸೆಕೆಂಡಿಗೆ 54 ಮೆಗಾಬಿಟ್. ಮೂಲೆಯದ್ದು ಸಿಗ್ನಲ್ ಸಾಲದೆ 6ಕ್ಕೆ ಇಳಿದಿದೆ. ವೈಫೈನ ಮೂಲ ನಿಯಮ ಇಬ್ಬರಿಗೂ ಸಮ ಸರದಿ ಕೊಡುತ್ತದೆ. ಆದರೆ ಅಷ್ಟೇ ದೊಡ್ಡ ಪ್ಯಾಕೆಟ್ (ಡೇಟಾದ ತುಣುಕು) ಕಳಿಸಲು ಮೂಲೆಯದಕ್ಕೆ ಒಂಬತ್ತು ಪಟ್ಟು ಹೊತ್ತು ಬೇಕು. ಓವರ್‌ಹೆಡ್, ಅಂದರೆ ಡೇಟಾ ಅಲ್ಲದ ವ್ಯವಸ್ಥೆಗೇ ಹೋಗುವ ಹೊತ್ತನ್ನು ಬಿಟ್ಟು ಲೆಕ್ಕ ಹಾಕಿದರೂ ಇಬ್ಬರಿಗೂ ಸಿಗುವುದು ತಲಾ 5.4. ಒಬ್ಬರ ಸಿಗ್ನಲ್ ಕೆಟ್ಟರೆ ಎಲ್ಲರೂ ಕುಂಟಬೇಕು. 2003ರಲ್ಲೇ ಸಂಶೋಧಕರು ಇದನ್ನು ಅಳೆದು ತೋರಿಸಿದ್ದರು.

ಒಟ್ಟು ವೇಗವೇ ಮುಖ್ಯ ಅಂದರೆ ಪೂರ್ತಿ ಹೊತ್ತು ಹತ್ತಿರದವರಿಗೇ ಕೊಡಬೇಕು. ಒಟ್ಟು 54, ಮೂಲೆಯವರಿಗೆ ಸೊನ್ನೆ. ಇದನ್ನಂತೂ ನಾನು ಒಪ್ಪಲ್ಲ.

ಸಮಯವನ್ನು ಅರ್ಧರ್ಧ ಹಂಚಿ ನೋಡಿ: 27 ಮತ್ತು 3. ಒಟ್ಟು 10.8 ಇದ್ದದ್ದು 30 ಆಯಿತು. ಇದೇ ಏರ್‌ಟೈಮ್ ಫೇರ್‌ನೆಸ್, ಅಂದರೆ ಕಳಿಸುವ ಹೊತ್ತನ್ನು ಸಮನಾಗಿ ಹಂಚುವುದು. ಗಣಿತಜ್ಞ ಫ್ರಾಂಕ್ ಕೆಲ್ಲಿ 1990ರ ದಶಕದಲ್ಲಿ ರೂಪಿಸಿದ ಪ್ರಪೋರ್ಷನಲ್ ಫೇರ್‌ನೆಸ್ ಸೂತ್ರ ಹಾಕಿದರೂ ಇಲ್ಲಿ ಇದೇ ಉತ್ತರ. ಈ ಹಂಚಿಕೆಯನ್ನು ಯಾವ ಕಡೆ ಎಳೆದರೂ, ಒಬ್ಬರ ಶೇಕಡಾವಾರು ಲಾಭ ಇನ್ನೊಬ್ಬರ ಶೇಕಡಾವಾರು ನಷ್ಟವನ್ನು ಮೀರುವುದಿಲ್ಲ. ನನಗೆ ಬಹಳ ಹಿಡಿಸಿದ ಮಾತು ಇದು.

ಆದರೂ ಮೂಲೆಯವರ ಪಾಲು 5.4ರಿಂದ 3ಕ್ಕೆ ಇಳಿಯಿತು. ಅವರದ್ದೇನೂ ತಪ್ಪಿಲ್ಲ, ಅಲ್ವಾ? ಆ ಜಾಗ ಕೊಟ್ಟಿದ್ದು ಆಫೀಸು. ಅದಕ್ಕೇ ಏರ್‌ಟೈಮ್ ಫೇರ್‌ನೆಸ್ ಸೆಟ್ಟಿಂಗ್ ಆನ್ ಮಾಡುವ ಮೊದಲು ಯಾರ ಸಿಗ್ನಲ್ ತೀರಾ ಕಮ್ಮಿ ಎಂದು ಪಟ್ಟಿ ತೆಗೆಯುತ್ತೇನೆ. ಆಕ್ಸೆಸ್ ಪಾಯಿಂಟ್ ಜಾಗ ಬದಲಿಸಿಯೋ, ಇನ್ನೊಂದು ಹಾಕಿಸಿಯೋ ಅದನ್ನು ಸರಿಮಾಡುತ್ತೇನೆ. ಸಮಯ ಅರ್ಧರ್ಧ ಇದ್ದಾಗ 6ರ ಲಿಂಕ್ 24ಕ್ಕೆ ಏರಿದರೆ ಅವರಿಗೆ 12 ಸಿಗುತ್ತದೆ. ಹತ್ತಿರದವರ ವೇಗ ಕುಗ್ಗದಿದ್ದರೆ ಅವರ 27ರಲ್ಲಿ ಒಂದಿಷ್ಟೂ ಕಮ್ಮಿಯಾಗುವುದಿಲ್ಲ.